ಒಂದು ಚಮಚ ಹೆಪ್ಪು

ದೀಪ ಹಚ್ಚಿದ ಮೇಲೆ ನಮ್ಮ ಮನೆಯಿಂದ ಹೊರಗಿನವರಿಗೆ ಹೆಪ್ಪು ಕೊಡುವುದಿಲ್ಲ. ಇದು ನನ್ನ ಅತ್ತೆ ಹಾಕಿಕೊಟ್ಟ ಕಟ್ಟಳೆ, ಅವರಿಗೆ ಅವರ ಅತ್ತೆ ಹಾಕಿಕೊಟ್ಟಿದ್ದು. ಹಗಲಿನಲ್ಲಿ ಯಾರೇ ಬರಲಿ, ಒಂದು ಚಮಚ ಬೇಡಿದವರಿಗೆ ಒಂದು ಬಟ್ಟಲು ಕೊಟ್ಟೇನು. ಸಂಜೆ ದೇವರ ಮುಂದೆ ದೀಪ ಹಚ್ಚಿದೆನೋ, ಮುಗಿಯಿತು. ಆಮೇಲೆ ಹೆಪ್ಪು ಹೊರಗೆ ಹೋದರೆ ಮನೆಯ ಹೈನು ಅದರ ಬೆನ್ನು ಹತ್ತಿ ಹೋಗುತ್ತದಂತೆ. ನಮ್ಮ ಹಿತ್ತಲಲ್ಲಿ ಎಮ್ಮೆ ಕಟ್ಟುವುದು ಬಿಟ್ಟು ಡೇರಿಯ ಪ್ಯಾಕೆಟ್ಟು ತರಲು ಶುರು ಮಾಡಿ ಎಷ್ಟೋ ವರ್ಷಗಳಾದವು. ಎಮ್ಮೆ ಹೋಯಿತು, ಕಟ್ಟಳೆ ಉಳಿಯಿತು.

ಧಾರವಾಡದ ಸಪ್ತಾಪುರದಲ್ಲಿ ನನ್ನದೊಂದು ಖಾನಾವಳಿ ಇದೆ. ಹೆಸರು ಮಹಾನಂದಾ, ಊಟಕ್ಕೆ ಬರುವ ಹುಡುಗರಿಗೆಲ್ಲ ನಂದಕ್ಕ. ರೊಟ್ಟಿ, ಎರಡು ಪಲ್ಯ, ಚಟ್ನಿಪುಡಿ ಯಾವ ಖಾನಾವಳಿಯಲ್ಲಾದರೂ ಸಿಗುತ್ತದೆ. ನಮ್ಮಲ್ಲಿಗೆ ಬರುವವರು ಗಟ್ಟಿ ಮೊಸರಿಗಾಗಿ ಬರುತ್ತಾರೆ. ಆ ಮೊಸರಿನ ಹೆಪ್ಪು ಅತ್ತೆಯ ಕಾಲದ್ದು. ಪ್ರತಿದಿನ ಗಡಿಗೆಯ ತಳದಲ್ಲಿ ಒಂದು ಚಮಚ ಉಳಿಸಿ, ಮರುದಿನದ ಹಾಲಿಗೆ ಹಾಕಿ, ಇಲ್ಲಿಯವರೆಗೆ ತಂದಿದ್ದೇನೆ.

ಒಂದು ಸಂಜೆ ಪಕ್ಕದ ಮನೆಯ ಶಿವಲೀಲಾ ಬಟ್ಟಲು ಹಿಡಿದು ಬಂದಳು. "ದೀಪ ಹಚ್ಚೇನಿ. ನಾಳೆ ಹಗಲಿನ್ಯಾಗ ಬಾ" ಎಂದೆ. ಅವಳು ಗೊಣಗುತ್ತ ಕಟ್ಟೆಯ ಮೇಲೆ ಕೂತಳು. ಅಷ್ಟರಲ್ಲಿ ನನ್ನ ಮಗಳು ದಾಕ್ಷಾಯಣಿ ಸ್ಕೂಟರ್ ನಿಲ್ಲಿಸಿ, ಕೈಯಲ್ಲಿ ಸ್ಟೀಲಿನ ಡಬ್ಬಿ ಹಿಡಿದು ಬಂದಳು. ಊರಾಚೆಯ ಗುಡ್ಡದ ಮೇಲೆ ಕಿಡ್ನಿ ಸಂಶೋಧನಾ ಕೇಂದ್ರವಿದೆ. ಅವಳು ಅಲ್ಲಿ ವಿಜ್ಞಾನಿ, ಅಲ್ಲಿನ ಕ್ವಾರ್ಟರ್ಸಿನಲ್ಲೇ ಇರುತ್ತಾಳೆ. ಕೆಲಸದ ಗಡಿಬಿಡಿಯಲ್ಲಿ ಹೆಪ್ಪು ಉಳಿಸುವುದನ್ನು ಮರೆತು ವಾರಕ್ಕೊಮ್ಮೆಯಾದರೂ ಹೀಗೆ ಓಡಿ ಬರುತ್ತಾಳೆ. ನಾನು ಎದ್ದು ಡಬ್ಬಿ ತುಂಬಿ ಕೊಟ್ಟೆ.

"ಏನ ಬೇ ನಂದಕ್ಕ, ನನಗಾದ್ರ ದೀಪ ತೋರಿಸ್ತಿ, ಮಗಳಿಗೆ ಡಬ್ಬಿ ತುಂಬಿ ಕೊಡ್ತಿ! ನಿನ್ನ ದೀಪಕ್ಕ ಮಂದಿ ಗುರ್ತ ಹಿಡಿಯಾಕ ಬರ್ತೈತೇನು?" ಎಂದಳು ಶಿವಲೀಲಾ.

"ಅಕಿ ಹೊರಗಿನಾಕಿ ಏನು? ನನ್ನ ಹೊಟ್ಟಿ ಒಳಗಿನಾಕಿ" ಎಂದೆ.

ಮೂವರೂ ನಕ್ಕೆವು. ಹೀಗೆ ನಗುವುದು ಎಷ್ಟು ಸುಲಭವಾಗಿತ್ತು ಆಗ.

ನನ್ನ ರೋಗವನ್ನು ಮೊದಲು ಗುರುತಿಸಿದವಳೂ ದಾಕ್ಷಾನೇ. ಬೆಳಿಗ್ಗೆ ಎದ್ದರೆ ನನ್ನ ಕಣ್ಣಿನ ರೆಪ್ಪೆ ಊದಿರುತ್ತಿತ್ತು. ಸಂಜೆಗೆ ಚಪ್ಪಲಿಯ ಪಟ್ಟಿ ಕಾಲಿನಲ್ಲಿ ಹೂತು ಕೂರುತ್ತಿತ್ತು. ಮೂತ್ರದಲ್ಲಿ ಸೋಪು ಕದಡಿದ ಹಾಗೆ ನೊರೆ. ವಯಸ್ಸು, ಒಲೆಯ ಮುಂದಿನ ಕೆಲಸ ಎಂದು ನಾನು ಸುಮ್ಮನಿದ್ದೆ. ಅವಳು ನನ್ನ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿ ತೆಗೆದಳು. ಬೆರಳಿನ ಗುಂಡಿ ಹಾಗೇ ಉಳಿಯಿತು. ಮರುದಿನವೇ ಗುಡ್ಡದ ಮೇಲೆ ಕರೆದೊಯ್ದಳು.

"ಕಿಡ್ನಿ ಅಂದ್ರ ಸಾಣಿಗಿ ಇದ್ದಂಗ ಅವ್ವಾ" ಎಂದು ವಿವರಿಸಿದಳು. ನಾವು ಹಿಟ್ಟು ಸೋಸುವ ಜರಡಿಗೆ ಸಾಣಿಗಿ ಎನ್ನುತ್ತೇವೆ. "ಹೊಲಸ ನೀರು ಕೆಳಗ ಬೀಳಬೇಕು, ರಕ್ತದ ಸತ್ವ ಮ್ಯಾಲ ಉಳೀಬೇಕು. ನಿನ್ನ ಸಾಣಿಗಿ ತೂತು ಬಿದ್ದು ಸತ್ವಾನೂ ಹೊರಗ ಹೊಂಟೈತಿ."

"ಯಾರು ತೂತು ಮಾಡಿದ್ರು?"

"ನೀನ" ಎಂದಳು.

ರಕ್ತದಲ್ಲಿ ಪ್ರತಿಕಾಯಗಳೆಂಬ ಕಾವಲುಗಾರರಿರುತ್ತಾರೆ. ಹೊರಗಿನಿಂದ ಬಂದ ರೋಗಾಣುವನ್ನು ಗುರುತು ಹಿಡಿದು, ಅಂಟಿಕೊಂಡು, ಹೊಡೆಸಿ ಹಾಕುವುದು ಅವುಗಳ ಕೆಲಸ. ನನ್ನ ಮೈಯಲ್ಲಿ ಒಂದು ಬಗೆಯ ಪ್ರತಿಕಾಯಕ್ಕೆ ಗುರುತು ತಪ್ಪಿತ್ತು. ಅದು ನನ್ನ ಜರಡಿಯ ಕಣಗಳನ್ನೇ ಪರಕೀಯವೆಂದು ತಿಳಿದು ಅಂಟಿಕೊಂಡು ಕೂತಿತ್ತು. ತನ್ನ ಮೈಯ ಮೇಲೆಯೇ ತಿರುಗಿ ಬೀಳುವ ಇಂಥವಕ್ಕೆ ಸ್ವಪ್ರತಿಕಾಯ ಎಂದು ಹೆಸರಂತೆ. ನನಗೆ ಹೆಸರು ಬೇಕಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯುವುದನ್ನು ನಮ್ಮವರು ಯಾವಾಗಿನಿಂದಲೋ ಬಲ್ಲರು.

ಹಿಂದೆಲ್ಲ ಈ ರೋಗಕ್ಕೆ ಔಷಧ ಕೊಟ್ಟರೆ ಒಳ್ಳೆಯ ಕಾವಲುಗಾರರೂ ಮಲಗಿಬಿಡುತ್ತಿದ್ದರು. ಸಣ್ಣ ನೆಗಡಿಯೂ ಜೀವಕ್ಕೆ ಬರುತ್ತಿತ್ತು. ದಾಕ್ಷಾಳ ಕೇಂದ್ರದಲ್ಲಿ ಹೊಸದೊಂದು ಯಂತ್ರ ಬಂದಿತ್ತು. ಅದಕ್ಕೆ ಉದ್ದನೆಯ ಇಂಗ್ಲಿಷ್ ಹೆಸರಿದ್ದರೂ ಎಲ್ಲರೂ ಕರೆಯುತ್ತಿದ್ದದ್ದು ಮರೆವು ಯಂತ್ರ ಎಂದು. ಪ್ರತಿಕಾಯಗಳನ್ನು ಹುಟ್ಟಿಸುವ ಕಣಗಳು ಮೂಳೆಯೊಳಗೆ ಅಡಗಿರುತ್ತವೆ. ತಮ್ಮ ವೈರಿ ಯಾರೆಂಬುದನ್ನು ಅವು ವರ್ಷಗಟ್ಟಲೆ ನೆನಪಿಟ್ಟಿರುತ್ತವೆ. ಒಂದು ಇಂಜೆಕ್ಷನ್ ಕೊಟ್ಟು ಅವನ್ನು ರಕ್ತಕ್ಕೆ ಹೊರಡಿಸುತ್ತಾರೆ. ಆ ರಕ್ತ ಕೂದಲಿನಷ್ಟು ಸಪೂರವಾದ ಗಾಜಿನ ಕೊಳವೆಗಳಲ್ಲಿ ಹರಿಯುವಾಗ ಯಂತ್ರ ಪ್ರತಿ ಕಣಕ್ಕೂ ಜರಡಿಯ ಒಂದು ತುಣುಕನ್ನು ತೋರಿಸುತ್ತದೆ. ಮೇಲೆ ಬಿದ್ದು ಹಿಡಿದುಕೊಂಡ ಕಣವೇ ಕಳ್ಳ. ಅದು ಪರದೆಯಲ್ಲಿ ಹಸಿರಾಗಿ ಮಿನುಗುತ್ತದೆ, ಯಂತ್ರ ಒಂದು ಕಿಡಿ ಬೆಳಕು ಹಾಯಿಸಿ ಅದನ್ನು ಅಲ್ಲೇ ಸುಡುತ್ತದೆ. ಉಳಿದ ಕಾವಲುಗಾರರಿಗೆ ಏನೂ ಆಗುವುದಿಲ್ಲ. ಒಂದೇ ಸಲಕ್ಕೆ ದೇಹ ಆ ಹಗೆಯನ್ನು ಮರೆತುಬಿಡುತ್ತದೆ.

"ಗಡಗಿ ತಿಕ್ಕಿ ತೊಳದಂಗ ಅವ್ವಾ. ಒಂಚೂರು ಹೆಪ್ಪು ಉಳೀತು ಅಂದ್ರ ನಾಳೆ ಮತ್ತ ಗಡಗಿ ತುಂಬ ಮಸರು. ಅದಕ ಪೂರ್ತಿ ತೊಳೀಬೇಕು" ಎಂದಿದ್ದಳು ದಾಕ್ಷಾ. ಈ ಮಾತನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ನಾನಂತೂ ಮರೆತಿಲ್ಲ.

ನಿಯಂತ್ರಣ ಕೊಠಡಿಗೂ ನನ್ನ ಮಂಚಕ್ಕೂ ನಡುವೆ ಗಾಜಿನ ಗೋಡೆ. ಆ ಕಡೆ ದಾಕ್ಷಾ ಪರದೆಯ ಮುಂದೆ ಕೂರುತ್ತಿದ್ದಳು. ಪರದೆಯ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಅದರ ಹಸಿರು ಅವಳ ಕನ್ನಡಕದಲ್ಲಿ ಮಿಂಚಿ ಮಾಯವಾಗುವುದನ್ನು ನೋಡುತ್ತ ಮಲಗಿರುತ್ತಿದ್ದೆ. ಚಿಕ್ಕವಳಿದ್ದಾಗ ಹೋಮ್‌ವರ್ಕ್ ಮಾಡುವಾಗಲೂ ಹೀಗೇ ತುಟಿ ಕಚ್ಚಿಕೊಂಡಿರುತ್ತಿದ್ದಳು. ಅವಳಪ್ಪ ಇದನ್ನು ನೋಡಲು ಇರಬೇಕಿತ್ತು ಎನ್ನಿಸಿ ಕಣ್ಣು ತುಂಬುತ್ತಿತ್ತು. ಯಂತ್ರದ ಪಕ್ಕದಲ್ಲಿ ಎಣ್ಣೆ ಬಣ್ಣದ ದ್ರವ ಒಂದು ಚೀಲಕ್ಕೆ ತೊಟ್ಟಿಕ್ಕುತ್ತಿತ್ತು. ರಕ್ತದಿಂದ ಸೋಸಿ ತೆಗೆದ ಕೆಟ್ಟ ಪ್ರತಿಕಾಯಗಳು ಅವು.

"ಇದನ್ನ ಏನ್ ಮಾಡ್ತೀರಿ?" ಎಂದು ಕೇಳಿದ್ದೆ.

"ಚೆಲ್ಲತೀವಿ" ಎಂದಳು.

ಮೊದಲ ಸಲ ಎಲ್ಲ ಅಳಿಸಿತೆಂದು ಹೇಳಿದ ವಾರ ಖಾನಾವಳಿಯಲ್ಲಿ ಎಲ್ಲರಿಗೂ ಹೋಳಿಗೆ ಬಡಿಸಿದೆ. ನಾಲ್ಕು ತಿಂಗಳು ಕಳೆದಿತ್ತೋ ಇಲ್ಲವೋ, ಮತ್ತೆ ನೊರೆ, ಮತ್ತೆ ಬಾವು. ಎರಡನೆಯ ಸಲವೂ ಹಾಗೇ. ಮೂರನೆಯ ಸಲವೂ ಹಾಗೇ. ಉಪ್ಪು ಬಿಟ್ಟಿದ್ದೆ. ಖಾನಾವಳಿ ನಡೆಸುವವಳು ತನ್ನ ಸಾರಿನ ರುಚಿ ತಾನು ನೋಡುವಂತಿಲ್ಲ ಎಂದರೆ ಏನರ್ಥ ಹೇಳಿ. ಹುಡುಗರು "ನಂದಕ್ಕಾ, ಇವತ್ತ ಉಪ್ಪು ಜಾಸ್ತಿ" ಎಂದರೆ ಹೌದೋ ಅಲ್ಲವೋ ತಿಳಿಯದೆ ನಗುತ್ತಿದ್ದೆ. ರಾತ್ರಿ ಸಪ್ಪೆ ರೊಟ್ಟಿಯನ್ನು ಸಪ್ಪೆ ಬೇಳೆಯಲ್ಲಿ ಅದ್ದಿ ನುಂಗಿ ಮಲಗುತ್ತಿದ್ದೆ.

ಎರಡನೆಯ ಸಲ ರೋಗ ಮರಳಿದಾಗ ದಾಕ್ಷಾ ನನ್ನ ಮುಖ ನೋಡಿ, "ಉಪ್ಪಿನಕಾಯಿ ಮುಟ್ಟಿದ್ದೇನು?" ಎಂದಳು. ಶಿವಲೀಲಾಳ ಮಗನ ಮದುವೆಯ ಊಟದಲ್ಲಿ ತಡೆಯಲಾಗದೆ ಲಿಂಬೆ ಉಪ್ಪಿನಕಾಯಿಗೆ ಒಂದು ಬೆರಳು ಅದ್ದಿ ನೆಕ್ಕಿದ್ದೆ. ತಪ್ಪೊಪ್ಪಿಕೊಂಡೆ. "ನೋಡ ಮತ್ತ" ಎಂದು ತಲೆ ಅಲ್ಲಾಡಿಸಿದಳು. ಆ ಒಂದು ಬೆರಳಿಗಾಗಿ ನಾನು ಎಷ್ಟು ಅತ್ತೆನೋ ದೇವರಿಗೇ ಗೊತ್ತು. ಅದಾದ ಮೇಲೆ ಉಪ್ಪಿನಕಾಯಿಯ ಭರಣಿ ತೆಗೆಯುವಾಗ ಮೂಗನ್ನೂ ಸೆರಗಿನಿಂದ ಮುಚ್ಚಿಕೊಳ್ಳುತ್ತಿದ್ದೆ.

ನನ್ನದೇ ರೋಗವಿದ್ದ ಕಂಡಕ್ಟರ್ ಯಲ್ಲಪ್ಪ ಒಮ್ಮೆ ಊಟಕ್ಕೆ ಬಂದಿದ್ದ. ಒಂದೇ ಸಲ ಯಂತ್ರಕ್ಕೆ ಮಲಗಿ ಎದ್ದವನು ಈಗ ಹಸಿಮೆಣಸಿನಕಾಯಿಗೆ ಉಪ್ಪು ಸವರಿ ಕಚ್ಚುತ್ತಿದ್ದ. ನಾನು ದಾಕ್ಷಾಳಿಗೆ ಹೇಳಿದೆ. "ಅವನ ಕಣ ದಡ್ಡ ಇದ್ವು. ನಿನ್ನವು ಭಾಳ ಶಾಣ್ಯಾ, ತಪ್ಪಿಸ್ಕೊಂಡು ಕೂಡ್ತಾವು" ಎಂದಳು. ಮೂರ್ಖಳು ನಾನು, ಅದಕ್ಕೂ ಸ್ವಲ್ಪ ಹೆಮ್ಮೆ ಪಟ್ಟೆ.

ನಾಲ್ಕನೆಯ ಸಲ ಮುಗಿದಾಗ ಅವಳು ಗಾಜಿನ ಆ ಕಡೆಯಿಂದ ಎದ್ದು ಬಂದು ನನ್ನ ಕೈ ಹಿಡಿದಳು. "ಈ ಸಲ ಒಂದೂ ಉಳದಿಲ್ಲ ಅವ್ವಾ" ಎಂದಳು. ಅವಳ ಅಂಗೈ ಬೆವರಿತ್ತು.

ಅದಾಗಿ ಮೂರು ವಾರಕ್ಕೆ ನಾಗರ ಪಂಚಮಿ ಬಂತು. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ನಾನು ಶೇಂಗಾ ಉಂಡಿ ಕಟ್ಟುತ್ತ ಕೂತಿದ್ದೆ. ಬಾಗಿಲಲ್ಲಿ ಒಬ್ಬಳು ಹೆಂಗಸು ನಿಂತಿದ್ದಳು. ಕೈಯಲ್ಲಿ ಒದ್ದೆ ಬಟ್ಟೆ ಸುತ್ತಿದ ವೀಳ್ಯದೆಲೆಯ ಕಟ್ಟು, ಪಕ್ಕದಲ್ಲಿ ಉಣ್ಣೆಯ ಟೊಪ್ಪಿಗೆ ಹಾಕಿಕೊಂಡ ನಾಲ್ಕೈದು ವರ್ಷದ ಹುಡುಗಿ.

"ನಂದಕ್ಕಾರು ನೀವ ಏನ್ರಿ?" ಎಂದಳು. ಹೌದು ಎನ್ನುವಷ್ಟರಲ್ಲಿ ಬಗ್ಗಿ ನನ್ನ ಕಾಲು ಮುಟ್ಟಿಬಿಟ್ಟಳು. "ನಾನು ಸವಣೂರಿನ ನಸೀಮಾ ಅಂತ್ರಿ. ಇಕಿ ನನ್ನ ಮಗಳು ಝೋಯಾ. ನಿಮ್ಮ ರಕ್ತ ಇಕಿನ್ನ ಉಳಿಸೇತ್ರಿ ಅಕ್ಕಾರ."

"ತಂಗಿ, ನೀ ಮನಿ ತಪ್ಪಿ ಬಂದೀ. ನಾ ಯಾರಿಗೂ ರಕ್ತ ಕೊಟ್ಟಿಲ್ಲ. ನನ್ನ ರಕ್ತ ನನಗ ಸಾಲವಲ್ದು" ಎಂದು ನಕ್ಕೆ.

ಅವಳು ನಗಲಿಲ್ಲ. ಕೂತು, ತಾನೇ ಬಿಡಿಸಿ ಬಿಡಿಸಿ ಹೇಳಿದಳು. ಝೋಯಾಳ ಕಿಡ್ನಿಯಲ್ಲಿ ಗಡ್ಡೆ. ಒಂದು ಕಿಡ್ನಿ ತೆಗೆದಿದ್ದಾರೆ, ಗಡ್ಡೆಯ ಬೀಜಗಳು ಪುಪ್ಪುಸಕ್ಕೂ ಹರಡಿವೆ. ಯಾವ ಔಷಧವೂ ನಾಟಲಿಲ್ಲ. ಗುಡ್ಡದ ಮೇಲಿನ ಕೇಂದ್ರದಲ್ಲಿ ಎಣ್ಣೆ ಬಣ್ಣದ ಒಂದು ಔಷಧ ಏರಿಸಿದರು, ಗಡ್ಡೆಯ ಬೀಜಗಳು ಅರ್ಧಕ್ಕರ್ಧ ಕರಗಿದವು. ಇದು ಯಾವ ಪುಣ್ಯಾತ್ಮರದ್ದು ಎಂದು ಇವಳು ಅತ್ತು ಕೇಳಿದಾಗ, ಅಲ್ಲಿನ ಡಾಕ್ಟರಮ್ಮ ಹೇಳಿದರಂತೆ: ನಮ್ಮ ಅವ್ವಂದು, ಸಪ್ತಾಪುರದಲ್ಲಿ ಖಾನಾವಳಿ ನಡೆಸುತ್ತಾಳೆ.

"ಎಷ್ಟ ಹೆಮ್ಮಿಲೇ ಹೇಳಿದ್ರು ಗೊತ್ತೇನ್ರಿ" ಎಂದಳು ನಸೀಮಾ.

ನನ್ನ ಕೈಯಲ್ಲಿದ್ದ ಉಂಡಿ ಒಡೆದಿತ್ತು. ಚೆಲ್ಲುತ್ತೇವೆ ಎಂದ ಚೀಲ ನೆನಪಾಯಿತು. ಆದರೂ ಮನಸ್ಸು ಮಗಳ ಪರವಾಗಿಯೇ ಓಡಿತು. ಚೆಲ್ಲುವ ಬದಲು ಒಂದು ಮಗುವಿಗೆ ಕೊಟ್ಟಿದ್ದಾಳೆ, ತಪ್ಪೇನು, ನನಗೆ ಹೇಳಲು ಸಂಕೋಚವಾಗಿರಬೇಕು. ಹೆತ್ತವರ ಬುದ್ಧಿ ಅಷ್ಟೇ, ಕಣ್ಣೆದುರಿಗೆ ಕದ್ದರೂ ಎತ್ತಿಟ್ಟಳು ಎನ್ನುತ್ತೇವೆ. ಝೋಯಾಳಿಗೆ ಒಂದು ಉಂಡಿ ಕೊಟ್ಟೆ. ಅವಳು ಮೊಸರಿನ ಗಡಿಗೆ ತೋರಿಸಿದಳು. ಬಟ್ಟಲಲ್ಲಿ ಹಾಕಿ ಕೊಟ್ಟೆ, ಮೂಗಿಗೆಲ್ಲ ಮೆತ್ತಿಕೊಂಡು ತಿಂದಳು.

"ಇನ್ನೊಮ್ಮೆ ಏರಿಸಿದ್ರ ಪೂರ್ತಿ ಹೋಗ್ತೈತಂತ್ರಿ" ಎಂದಳು ನಸೀಮಾ. "ದಸರಾ ಮುಗಿಯೂದ್ರಾಗ ಅವ್ವನ ರಕ್ತದಾಗ ಮತ್ತ ತುಂಬಿ ಬರ್ತೈತಿ, ಆವಾಗ ಕೊಡ್ತೀವಿ ಅಂದಾರ್ರಿ ಡಾಕ್ಟರಮ್ಮ. ಅಲ್ಲೀತನಕ ನಿಮ್ಮ ತಬ್ಯತ್ತು ಚಲೋ ಇರ್ಲಿ ಅಂತ ದರ್ಗಾದಾಗ ಬೇಡ್ಕೊಂಡೇನ್ರಿ."

ಒಂದೂ ಉಳಿದಿಲ್ಲ ಎಂದು ನನ್ನ ಕೈ ಹಿಡಿದು ಹೇಳಿದವಳು, ನನ್ನ ರೋಗ ಯಾವ ಹಬ್ಬಕ್ಕೆ ಮರಳಿ ಬರುತ್ತದೆಂದು ಸವಣೂರಿನ ನಸೀಮಾಳಿಗೆ ಹೇಳಿಟ್ಟಿದ್ದಳು.

ಮರುದಿನ ಬೆಳಿಗ್ಗೆ ಆಟೋ ಹತ್ತಿ ಗುಡ್ಡಕ್ಕೆ ಹೋದೆ. ದಾಕ್ಷಾ ನಿಯಂತ್ರಣ ಕೊಠಡಿಯಲ್ಲಿ ಒಬ್ಬಳೇ ಇದ್ದಳು. ಗಾಜಿನ ಈ ಕಡೆಯ ಮಂಚಕ್ಕೆ ಹೋಗದೆ ನೇರ ಒಳಗೆ ನಡೆದು, ವೀಳ್ಯದೆಲೆಯ ಕಟ್ಟನ್ನು ಅವಳ ಮೇಜಿನ ಮೇಲಿಟ್ಟೆ.

"ಸವಣೂರಿನ ಎಲಿ. ನಸೀಮಾ ಕೊಟ್ಟಾಳ" ಎಂದೆ.

ಅವಳ ಮುಖದ ಬಣ್ಣ ಇಳಿಯಿತು. ಸುಳ್ಳು ಹೇಳಲು ಹೋಗಲಿಲ್ಲ, ಅಷ್ಟರ ಮಟ್ಟಿಗೆ ನನ್ನ ಮಗಳೇ.

"ಒಂದು ಚಮಚ ಹೆಪ್ಪು ಬಿಟ್ಟೆ ಅವ್ವಾ" ಎಂದಳು. "ಪ್ರತಿ ಸಲಾನೂ."

ಆಮೇಲೆ ಒಂದೇ ಉಸಿರಿನಲ್ಲಿ ಹೇಳಿದಳು. ನನ್ನ ಜರಡಿಯ ಮೇಲೆ ಯಾವ ಗುರುತನ್ನು ನನ್ನ ಪ್ರತಿಕಾಯ ಹಿಡಿಯುತ್ತದೋ, ಅದೇ ಗುರುತು ಮಕ್ಕಳ ಆ ಗಡ್ಡೆಯ ಮೇಲೂ ಇದೆ. ಪ್ರತಿಕಾಯಕ್ಕೆ ವಿಷದ ಒಂದು ಕಣ ಕಟ್ಟಿ ಮಗುವಿನ ರಕ್ತಕ್ಕೆ ಬಿಟ್ಟರೆ ಅದು ಗಡ್ಡೆಯನ್ನು ಹುಡುಕಿ ಹೋಗಿ ಸುಡುತ್ತದೆ. ಮಗುವಿನ ಉಳಿದ ಕಿಡ್ನಿಗೆ ಪೆಟ್ಟಾಗುವ ಮೊದಲೇ ಸೋಸಿ ತೆಗೆಯುತ್ತಾರೆ. ಮೊದಲ ಸಲವೇ, ಕಣಗಳನ್ನು ಸುಡುವ ಮುಂಚೆ, ನನ್ನ ಚೀಲವನ್ನು ಕುತೂಹಲಕ್ಕೆ ಪರೀಕ್ಷಿಸಿದಾಗ ಇದು ಗೊತ್ತಾದದ್ದು. ಇತರ ರೋಗಿಗಳ ಪ್ರತಿಕಾಯ ಅಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ.

"ಅದನ್ನ ಕಾರ್ಖಾನ್ಯಾಗ ಮಾಡಾಕ ಬರೂದಿಲ್ಲೇನು?"

"ಮಾಡೇವಿ. ಹತ್ತವಲ್ದು. ನಿನ್ನ ಮೈಯಾಗ ಹುಟ್ಟಿದ್ದಕ್ಕ ಮ್ಯಾಲ ಒಂದು ಸಕ್ಕರಿ ಪದರ ಇರ್ತೈತಿ, ಅದು ನಮಗ ಕೂಡಸಾಕ ಬರವಲ್ದು. ನಿನ್ನ ಹೆಪ್ಪು ಒಯ್ದು ಬ್ಯಾರೆಯವರು ಮಸರು ಮಾಡಿದ್ರ ನಿನ್ನ ಮಸರಿನಂಗ ಆಗ್ತೈತೇನು? ಹಂಗ. ಇನ್ನೊಂದು ವರ್ಷ ಸಿಕ್ಕಿದ್ರ ದಾರಿ ಸಿಗ್ತಿತ್ತು."

"ನಿಮ್ಮ ದೊಡ್ಡ ಡಾಕ್ಟರಿಗೆ ಗೊತ್ತೈತೇನು?"

"ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ."

"ನನಗ ಸಾಣಿಗಿ ಎಷ್ಟ ಉಳದೈತಿ?"

ಅವಳು ಎಲೆಯ ಕಟ್ಟು ನೋಡುತ್ತ ಹೇಳಿದಳು. ಪ್ರತಿ ಸಲ ರೋಗ ಮರಳಿದಾಗಲೂ ಜರಡಿಯ ಒಂದಿಷ್ಟು ಭಾಗ ಕಲೆಗಟ್ಟಿ ಸತ್ತುಹೋಗುತ್ತದೆ, ಅದು ಮತ್ತೆ ಹುಟ್ಟುವುದಿಲ್ಲ. ಈಗ ಉಳಿದದ್ದು ಅರ್ಧಕ್ಕಿಂತ ಕಡಿಮೆ.

"ಮಕ್ಕಳು ಸಾಯಾಕತ್ತಿದ್ವು ಅವ್ವಾ" ಎಂದಳು. "ನನ್ನ ಕೈಯಾಗ ಔಷಧ ಐತಿ ಅಂತ ಗೊತ್ತಿದ್ದೂ ಹೆಂಗ ತೊಳದು ಚೆಲ್ಲಲಿ? ನಿನಗ ಸಾಣಿಗಿ ಇನ್ನೂ ಐತಿ, ಆ ಮಕ್ಕಳಿಗೆ ಏನೂ ಇರಲಿಲ್ಲ. ಅಷ್ಟು ಹೆಪ್ಪು ಇಟ್ಟ ತೊಳೀಬೇಕು ಅಂತ ಕಲಿಸಿದಾಕಿ ನೀನ ಅಲ್ಲೇನು?"

"ಕೇಳಬೇಕಾಗಿತ್ತು."

"ಕೇಳಿದ್ರ ನೀ ಹೂಂ ಅಂತಿದ್ದಿ. ಅದಕ ಕೇಳಲಿಲ್ಲ. ನೀ ಹೂಂ ಅಂದ ಮ್ಯಾಲ ಮಾಡಿದ್ರ, ನನ್ನ ಕೈಯಾರೆ ನಿನ್ನ ಕೊಂದಂಗ ಅನಸ್ತಿತ್ತು."

"ಈಗ ಏನನಸ್ತೈತಿ?"

ಅವಳು ಅಳತೊಡಗಿದಳು. ನನಗೆ ಅಳು ಬರಲಿಲ್ಲ. ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂದಿತ್ತು, ಅದರ ನಡುವೆ ಒಂದು ಸಣ್ಣ ಮಾತು ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

"ಉಪ್ಪಿನಕಾಯಿ ಅಂದೆಲ್ಲ" ಎಂದೆ. "ಒಂದು ಬೆರಳು ಉಪ್ಪಿನಕಾಯಿ ನೆಕ್ಕಿದ್ದಕ್ಕ ರೋಗ ಬಂತು ಅಂತ ನಾ ತಿಂಗಳುಗಟ್ಟಲೆ ನನ್ನನ್ನ ಬೈಕೊಂಡೆ. ನೀ ಎದುರಿಗೆ ಕೂತು ನೋಡಿದಿ. ನೋಡ ಮತ್ತ, ಅಂದಿ."

ಮಕ್ಕಳ ಜೀವಕ್ಕಾಗಿ ನನ್ನ ಕಿಡ್ನಿ ತೆಗೆದುಕೊಂಡದ್ದನ್ನು ಹೇಗೋ ಒಂದು ಬದಿಗಿಟ್ಟೇನು. ಆ ಉಪ್ಪಿನಕಾಯಿಯ ಮಾತನ್ನು ಎಲ್ಲಿಡಲಿ?

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಕಾಡುತ್ತಿದೆ. ಅವಳು ಕೇಳಿದ್ದರೆ ನಾನು ಹೂಂ ಎನ್ನುತ್ತಿದ್ದೆನೇ? ಎನ್ನುತ್ತಿದ್ದೆ ಎಂದು ಅವಳು ಹೇಳುತ್ತಾಳೆ. ನನಗೆ ಗೊತ್ತಿಲ್ಲ. ನಾನು ಅಷ್ಟು ದೊಡ್ಡ ಮನಸ್ಸಿನವಳೋ, ಉಪ್ಪಿನಾಸೆಯ ಸಣ್ಣ ಹೆಂಗಸೋ, ತಿಳಿದುಕೊಳ್ಳುವ ಒಂದು ಅವಕಾಶ ನನ್ನ ಬದುಕಿನಲ್ಲಿ ಬಂದಿತ್ತು. ಅದನ್ನು ನನ್ನ ಮಗಳು ನನಗೆ ತಿಳಿಯದ ಹಾಗೆ ತೆಗೆದುಕೊಂಡುಬಿಟ್ಟಳು. ಇದು ನನಗೆ ಕಿಡ್ನಿಗಿಂತ ಹೆಚ್ಚು ನೋಯುತ್ತದೆ.

ಹುಬ್ಬಳ್ಳಿಯ ಬೇರೊಬ್ಬ ಡಾಕ್ಟರಲ್ಲಿಗೆ ಹೋದೆ. ರಿಪೋರ್ಟು ನೋಡಿ, ತಕ್ಷಣ ಪೂರ್ತಿ ಅಳಿಸಿಕೊಳ್ಳಿ, ಇನ್ನೊಮ್ಮೆ ಮರಳಿದರೆ ಡಯಾಲಿಸಿಸ್ಸಿನ ಹಾದಿ ಹತ್ತಿರವಾಗುತ್ತದೆ ಎಂದರು. ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಬರುವಾಗ ಝೋಯಾಳ ಮೂಗಿನ ಮೇಲಿನ ಮೊಸರು ಕಣ್ಣ ಮುಂದೆ ಬಂತು. ಇಂಥ ಲೆಕ್ಕಾಚಾರಕ್ಕೆ ಮಗುವಿನ ಮುಖ ನೋಡಬಾರದು. ನಾನು ನೋಡಿಬಿಟ್ಟಿದ್ದೆ, ಕೈಯಾರೆ ಬಡಿಸಿದ್ದೆ ಕೂಡ.

ದಾಕ್ಷಾಳಿಗೆ ಫೋನ್ ಮಾಡಿ ಎರಡೇ ಮಾತು ಹೇಳಿದೆ. "ದಸರಾತನಕ ತಡೀತೀನಿ. ಅದು ಆ ಕೂಸಿಗೆ, ನಿನಗಲ್ಲ. ಅವತ್ತ ಪೂರ್ತಿ ತಿಕ್ಕಿ ತೊಳೀಬೇಕು, ಪರದೆ ನನ್ನ ಕಡೆ ತಿರಗಿರಬೇಕು."

ಶ್ರಾವಣ ಕಳೆಯಿತು, ಗಣಪತಿ ಬಂದು ಹೋದ. ಪಾದ ಊದಿದವು, ನೊರೆ ಬಂತು. ಈ ಸಲ ಅದು ನನ್ನೊಳಗೆ ಬೆಳೆಯುವುದನ್ನು ತಿಳಿದೇ ಹೊತ್ತೆ. ಬೆಳಿಗ್ಗೆ ಊದಿದ ರೆಪ್ಪೆ ತೆರೆಯಲು ಕಷ್ಟವಾದಾಗ ಬೈಯುತ್ತಿದ್ದೆ, ಆದರೆ ನನ್ನನ್ನು ನಾನು ಬೈಯುತ್ತಿರಲಿಲ್ಲ. ಅದೊಂದೇ ನೆಮ್ಮದಿ. ಶಿವಲೀಲಾ ರೊಟ್ಟಿ ಬಡಿಯಲು ಬಂದು ನಿಂತಳು. ಏನಾಯಿತೆಂದು ಅವಳಿಗೆ ಹೇಳಿರಲಿಲ್ಲ. ಮಗಳ ಮಾನ ಕಾಯುವ ಚಟ ಅಷ್ಟು ಬೇಗ ಬಿಡುವುದಿಲ್ಲ.

ಬನ್ನಿ ಹಬ್ಬವಾದ ಮೂರನೆಯ ದಿನ ಗುಡ್ಡಕ್ಕೆ ಹೋದೆ. ಪರದೆಯನ್ನು ಗಾಜಿನತ್ತ ತಿರುಗಿಸಿಟ್ಟಿದ್ದಳು. ಮೊದಲು ಪ್ರತಿಕಾಯಗಳನ್ನು ಸೋಸಿದರು. ಎಣ್ಣೆ ಬಣ್ಣದ ಚೀಲ ತುಂಬಿತು. ಅದನ್ನು ಒಯ್ಯುವ ನರ್ಸಿಗೆ "ಝೋಯಾ ಅಂತ ಬರೀರಿ" ಎಂದೆ. ಬರೆದಳು. ಆಮೇಲೆ ಕಣಗಳ ಸರದಿ ಬಂತು. ಅಷ್ಟು ದಿನ ಮಗಳ ಕನ್ನಡಕದಲ್ಲಿ ಮಾತ್ರ ಕಂಡಿದ್ದ ಹಸಿರು ಚುಕ್ಕೆಗಳು ಈಗ ನೇರ ಕಣ್ಣೆದುರು ಮಿನುಗಿದವು. ಒಂದೊಂದೂ ಕಿಡಿ ತಾಗಿ ಆರುತ್ತಿತ್ತು. ನನ್ನ ಮೈ ನನ್ನ ಮೇಲೆ ಇಟ್ಟುಕೊಂಡಿದ್ದ ಹಗೆ ಅದು. ನೋಡಲು ಚೆಂದವಾಗಿಯೇ ಇತ್ತು.

ಕೊನೆಗೆ ಪರದೆಯ ಮೂಲೆಯಲ್ಲಿ ಒಂದು ಚಿಟಿಕೆಯಷ್ಟು ಹಸಿರು ಉಳಿಯಿತು. ದಾಕ್ಷಾಳ ಕೈ ಗುಂಡಿಯ ಮೇಲೆ ನಿಂತಿತು. ಪ್ರತಿ ಸಲವೂ ಇಲ್ಲೇ ನಿಂತಿರಬೇಕು. ಅವಳು ಗಾಜಿನ ಆ ಕಡೆಯಿಂದ ನನ್ನನ್ನು ನೋಡಿ ಮೈಕಿನಲ್ಲಿ ಮೆಲ್ಲಗೆ ಕೇಳಿದಳು.

"ಅವ್ವಾ, ಬೆಳಗಾವಿಯಿಂದ ಇನ್ನೊಂದು ಕೂಸು ಬಂದೈತಿ. ಒಂಚೂರು ಬಿಡ್ಲೇನು?"

ಕೇಳಿದ್ದಳು, ಕೊನೆಗೂ. ಉಳಿಸಲು ಜರಡಿ ಹೆಚ್ಚೇನೂ ಉಳಿಯದ ಹೊತ್ತಿನಲ್ಲಿ, ಎದುರಿಗೆ ಪರದೆ ಇದ್ದುದರಿಂದ, ಬೇರೆ ದಾರಿಯಿಲ್ಲದೆ ಕೇಳಿದ್ದಳು. ಬೆಳಗಾವಿಯ ಆ ಮಗುವಿನ ಮುಖ ನಾನು ನೋಡಿಲ್ಲ. ಆದರೂ ಅದು ಈಗಲೂ ಎಷ್ಟೋ ಸಲ ಕನಸಿನಲ್ಲಿ ಬಂದು ಖಾನಾವಳಿಯ ಬಾಗಿಲಲ್ಲಿ ನಿಲ್ಲುತ್ತದೆ. ಅದಕ್ಕೆ ಏನು ಹೇಳಬೇಕೋ ನನಗೆ ತಿಳಿಯುವುದಿಲ್ಲ. ಅವತ್ತು ಮಾತ್ರ ತಿಳಿದಿತ್ತು.

"ತಿಕ್ಕು" ಎಂದೆ.

ಅವಳು ಗುಂಡಿ ಒತ್ತಿದಳು. ಪರದೆ ಕಪ್ಪಾಯಿತು.

ತಿಂಗಳ ನಂತರ ಹುಬ್ಬಳ್ಳಿಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಶೂನ್ಯ ಎಂದರು. ದಾಕ್ಷಾಳ ಕೇಂದ್ರದವರೂ ಶೂನ್ಯ ಎಂದಿದ್ದರು. ನಾನು ಹುಬ್ಬಳ್ಳಿಯವರನ್ನು ನಂಬಿದೆ. ಉಳಿದಷ್ಟು ಜರಡಿಯಲ್ಲಿ ಎಷ್ಟು ವರ್ಷ ನಡೆಯುತ್ತದೋ ನಡೆಯಲಿ. ಸ್ವಲ್ಪ ಉಪ್ಪಿಗೆ ಅಪ್ಪಣೆ ಸಿಕ್ಕಿತು. ಝೋಯಾಳ ಪುಪ್ಪುಸ ಸ್ವಚ್ಛವಾಗಿದೆ ಎಂದು ನಸೀಮಾ ಫೋನಿನಲ್ಲಿ ಹೇಳಿ ಅತ್ತಳು. ಆ ದಿನ ಮೊದಲ ಬಾರಿಗೆ ಸಾರಿನ ಸೌಟಿನಿಂದ ಅಂಗೈಗೆ ಹನಿಸಿಕೊಂಡು ರುಚಿ ನೋಡಿದೆ. ಉಪ್ಪು ಕಡಿಮೆಯಿತ್ತು.

ಯಂತ್ರಕ್ಕೆ ಸಿಗದ ಕಣಗಳು ಮನಸ್ಸಿನಲ್ಲೂ ಇರುತ್ತವೆ ಎಂದು ಆಮೇಲೆ ತಿಳಿಯಿತು. ದಾಕ್ಷಾ ಮೊದಲಿನಂತೆ ವಾರಕ್ಕೊಮ್ಮೆ ಬರುತ್ತಾಳೆ. ಅವಳು ತಂದ ಮಾತ್ರೆಗಳನ್ನು ಅಂಗಡಿಯವನಿಗೆ ತೋರಿಸಿದ ಮೇಲೆಯೇ ನುಂಗುತ್ತೇನೆ. ಅವಳು ಚಹಾ ಮಾಡಿಕೊಟ್ಟರೆ ಹೊಟ್ಟೆ ತುಂಬಿದೆ ಎನ್ನುತ್ತೇನೆ. ಬೇಕೆಂದು ಮಾಡುವುದಿಲ್ಲ, ಕೈ ತಾನಾಗಿ ಹಿಂದೆ ಸರಿಯುತ್ತದೆ. ಅವಳ ಮೇಲಿನ ಪ್ರೀತಿ ಎಲ್ಲಿಗೂ ಹೋಗಿಲ್ಲ. ಅವಳು ಸೊರಗಿದರೆ ನನಗೆ ಅನ್ನ ಇಳಿಯುವುದಿಲ್ಲ. ಆದರೂ ನನ್ನೊಳಗಿನ ಯಾವುದೋ ಕಾವಲುಗಾರ ಅವಳ ಗುರುತು ಹಿಡಿಯುವುದನ್ನು ಬಿಟ್ಟಿದ್ದಾನೆ.

ಮೊನ್ನೆ ಕಾರ್ತಿಕದ ಒಂದು ಸಂಜೆ. ನಾನು ದೇವರ ಮುಂದೆ, ತುಳಸಿಯ ಮುಂದೆ ದೀಪವಿಟ್ಟು ಬಂದು ಕೂತಿದ್ದೆ. ಶಿವಲೀಲಾ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಸ್ಕೂಟರ್ ನಿಂತಿತು. ದಾಕ್ಷಾ ಅದೇ ಸ್ಟೀಲಿನ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿದಳು. ಅದೆಲ್ಲ ಆದ ಮೇಲೆ ಅವಳು ಹೆಪ್ಪು ಕೇಳಲು ಬಂದದ್ದು ಅದೇ ಮೊದಲು. ಬರಬೇಕೋ ಬಾರದೋ ಎಂದು ಎಷ್ಟು ದಿನ ತೂಗಿ ನೋಡಿದ್ದಳೋ, ಅವಳ ಮುಖದಲ್ಲೇ ಕಾಣುತ್ತಿತ್ತು.

"ಅವ್ವಾ, ಒಂದು ಚಮಚ ಹೆಪ್ಪು ಕೊಡ" ಎಂದಳು.

ಶಿವಲೀಲಾ ಚೇಷ್ಟೆಗೆ ಬಾಯಿ ತೆರೆದು ನನ್ನತ್ತ ತಿರುಗಿದಳು. ನಾನು ಏಳಬೇಕೆಂದೇ ಇದ್ದೆ. ನಿಜವಾಗಿಯೂ ಏಳಬೇಕೆಂದೇ ಇದ್ದೆ.

"ದೀಪ ಹಚ್ಚೇನಿ" ಎಂದೆ. "ನಾಳೆ ಹಗಲಿನ್ಯಾಗ ಬಾ."

ಶಿವಲೀಲಾಳ ಕೈಯಲ್ಲಿದ್ದ ಅವರೆಕಾಯಿ ಹಾಗೇ ನಿಂತಿತು. ದಾಕ್ಷಾ ಹೊಸ್ತಿಲು ದಾಟಲಿಲ್ಲ. ಖಾಲಿ ಡಬ್ಬಿಗೆ ಮುಚ್ಚಳ ಹಾಕಿ, ಸರಿಯಾಗಿ ಕೂತಿದೆಯೇ ಎಂದು ಒಮ್ಮೆ ಒತ್ತಿ ನೋಡಿ, ಮೆಟ್ಟಿಲಿಳಿದಳು.